ಕ್ಲಾಗ್: ದುಡಿಯುವ ಕಾಲಿಗೆ ಮರದ ಕಾವಲು

ನೆದರ್‌ಲ್ಯಾಂಡ್ಸ್ ಅಂದ ತಕ್ಷಣ ಹಳದಿ ಬಣ್ಣ ಬಳಿದ ಮರದ ಬೂಟು ಕಣ್ಣಿಗೆ ಬರುತ್ತದೆ, ಅಲ್ವಾ? ಪ್ರವಾಸಿಗರು ಕೊಳ್ಳುವ ಆಟಿಕೆ ಅಂತ ಸುಮ್ನೆ ದಾಟಿಬಿಡಬೇಡಿ. ಅದು ಹೊಲ, ಕೊಟ್ಟಿಗೆಗಳ ಬೂಟು. ಅದರ ಒಂದೊಂದು ಭಾಗಕ್ಕೂ ದುಡಿಮೆಯಲ್ಲೇ ಕಾರಣ ಸಿಗುತ್ತದೆ.

ಮರದ ಬೂಟಿಗೆ ಇಂಗ್ಲಿಷಿನಲ್ಲಿ ‘ಕ್ಲಾಗ್’ ಅಂತ ಹೆಸರು. ನೆದರ್‌ಲ್ಯಾಂಡ್ಸ್‌ನ ಡಚ್ಚರು ತಮ್ಮದನ್ನು ‘ಕ್ಲೊಂಪ್’ ಅನ್ನುತ್ತಾರೆ. ಇಡೀ ಬೂಟು ಒಂದೇ ಮರದ ತುಂಡು. ಅಲ್ಲಿನ ನೆಲ ತಗ್ಗು, ಜೌಗು ಜಾಸ್ತಿ. ಅಂಥ ಕೆಸರಿನಲ್ಲಿ ಚರ್ಮ ನೆನೆದು ಹಾಳಾಗುತ್ತದೆ, ಬೆಲೆಯೂ ಹೆಚ್ಚು. ವಿಲೋ, ಪಾಪ್ಲರ್ ಮರಗಳಾದರೆ ತೇವದ ನೆಲದಲ್ಲೇ ಹುಲುಸಾಗಿ ಬೆಳೆಯುತ್ತವೆ. ಮರ ಹಸಿ ಇದ್ದಾಗಲೇ ಕೆತ್ತಿ, ಚಮಚದಂಥ ಸಾಧನದಿಂದ ಒಳಗೆ ಕೊರೆದು, ಆಮೇಲೆ ಒಣಗಿಸುತ್ತಾರೆ. ಹಸಿಯಲ್ಲಿ ಮೆತ್ತಗಿದ್ದದ್ದು ಒಣಗಿದ ಮೇಲೆ ಗಟ್ಟಿ, ಹಗುರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲ ಅಗೆದಾಗ ಸಿಕ್ಕ ಒಂದು ಕ್ಲೊಂಪ್ ಸುಮಾರು 1230ರದ್ದು.

ಹಸು ಕಾಲು ತುಳಿದರೂ, ಗುದ್ದಲಿ ಜಾರಿ ಬಿದ್ದರೂ, ಮೊಳೆಯ ಮೇಲೆ ಹೆಜ್ಜೆ ಇಟ್ಟರೂ ಏಟು ಮೊದಲು ಮರಕ್ಕೆ. ಒಳಗೆ ಹುಲ್ಲು ತುಂಬಿದರೆ ಚಳಿಗೂ ಬೆಚ್ಚಗೆ. ಇವತ್ತಿಗೂ ಯುರೋಪಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅನ್ನುವ ‘ಸಿಇ’ ಗುರುತು ಪಡೆದ ಕ್ಲೊಂಪ್‌ಗಳನ್ನು ಸುರಕ್ಷತಾ ಬೂಟು ಅಂತಲೇ ಮಾರುತ್ತಾರೆ. ಈ ಸಂಗತಿ ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಆದರೆ ಮರ ಬಾಗುವುದಿಲ್ಲವಲ್ಲ, ನಡೆಯೋದು ಹೇಗೆ? ಮುಂದಿನ ತುದಿ ಮೇಲೆದ್ದಿರುವುದು ಅದಕ್ಕೇ. ಕಾಲು ಹಿಮ್ಮಡಿಯಿಂದ ಬೆರಳಿನ ಕಡೆಗೆ ದೋಣಿಯ ತಳದಂತೆ ಉರುಳುತ್ತದೆ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಕ್ಲಾಗ್ ಬೇರೆ ಥರ. ಮೇಲೆ ಚರ್ಮ, ಕೆಳಗೆ ಮರದ ಅಟ್ಟೆ. ಹತ್ತಿ ಗಿರಣಿಗಳಲ್ಲಿ ನೂಲಿನ ಎಳೆ ತುಂಡಾಗದಿರಲಿ ಅಂತ ಗಾಳಿಯನ್ನು ತೇವವಾಗಿಡುತ್ತಿದ್ದರು, ನೆಲವೂ ಒದ್ದೆ. ಆಲ್ಡರ್ ಮರ ನೀರಿಗೆ ತಡೆಯುತ್ತದೆ, ಹಾಗಾಗಿ ಅಟ್ಟೆಗೆ ಹೆಚ್ಚಾಗಿ ಅದನ್ನೇ ಬಳಸುತ್ತಿದ್ದರು. ಅಟ್ಟೆ ಸವೆಯದಂತೆ ಅಡಿಗೆ ಕುದುರೆಗೆ ಹೊಡೆಯುವಂಥದ್ದೇ ಕಬ್ಬಿಣದ ಲಾಳ. ಅದು ಸವೆದರೆ ಲಾಳ ಮಾತ್ರ ಬದಲಿಸಿದರೆ ಸಾಕು. ಕೂಲಿಯವರ ಜೇಬಿಗೆ ಅದು ದೊಡ್ಡ ಉಪಕಾರ. ಆ ಲಾಳದ ಸದ್ದು ಕುಣಿತಕ್ಕೂ ಒದಗಿತು. ಚಾರ್ಲಿ ಚಾಪ್ಲಿನ್ ಬಾಲ್ಯದಲ್ಲಿ ವೇದಿಕೆ ಹತ್ತಿದ್ದು ಕ್ಲಾಗ್ ಕುಣಿತದ ತಂಡವೊಂದರಲ್ಲಿ.

ಇನ್ನೊಂದು ಮಾತು. ಫ್ರಾನ್ಸಿನಲ್ಲಿ ಮರದ ಬೂಟಿನ ಹೆಸರು ‘ಸಾಬೊ’. ಕೆಲಸಗಾರರು ಅದನ್ನು ಯಂತ್ರಕ್ಕೆ ಎಸೆದದ್ದರಿಂದ ‘ಸಬೊಟಾಜ್’ (ಬೇಕಂತಲೇ ಕೆಲಸ ಕೆಡಿಸುವುದು) ಪದ ಬಂತು ಅನ್ನುವ ಕಥೆಯನ್ನು ಎಲ್ಲೆಡೆ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ. ‘ಸಾಬೊತೆ’ ಅಂದರೆ ಮರದ ಬೂಟಿನಲ್ಲಿ ಟಕಟಕ ಸದ್ದು ಮಾಡುವುದು. ಆಮೇಲೆ ಕೆಲಸವನ್ನು ಒರಟಾಗಿ, ಕೆಟ್ಟದಾಗಿ ಮಾಡುವುದಕ್ಕೂ ಅದೇ ಮಾತು ಬಂತು. ‘ಸಬೊಟಾಜ್’ ಹುಟ್ಟಿದ್ದು ಅದರಿಂದ.