525 ಪಟ್ಟು ಎಂಬ ಆಮಿಷ

ಪಕ್ಕದ ಮನೆ ಹುಡುಗನಿಗೆ ಅವರಪ್ಪ ಸಂಕ್ರಾಂತಿ ಹೊತ್ತಿಗೆ ಟೆಲಿಸ್ಕೋಪು ತರಿಸಿಕೊಟ್ಟಿದ್ದರು. ಡಬ್ಬದ ಮೇಲೆ ಬಣ್ಣದ ಶನಿಗ್ರಹ, ಕೆಳಗೆ ದಪ್ಪಕ್ಷರದಲ್ಲಿ ‘525 ಪಟ್ಟು’. ಮೂರು ರಾತ್ರಿ ಮಾಳಿಗೆ ಹತ್ತಿ ಇಳಿದವನು ನಾಲ್ಕನೆಯ ದಿನ ನನ್ನ ಬಾಗಿಲಿಗೆ ಬಂದ. “ಸಾರ್, ಚಂದ್ರನೂ ಸಿಗ್ತಿಲ್ಲ. ವಾಪಸ್ ಕಳಿಸೋಣ ಅಂತಾರೆ ಅಪ್ಪ.”

ಕೊಳವೆಯಲ್ಲಿ ಐಬೇನಿರಲಿಲ್ಲ. 76 ಮಿ.ಮೀ. ಅಗಲದ ಕನ್ನಡಿ, 700 ಮಿ.ಮೀ. ಸಂಗಮದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವವರೆಗಿನ ದೂರ). ಹುಡುಗ ವರ್ಧನೆಯನ್ನು 3 ಪಟ್ಟು ಏರಿಸುವ ಬಾರ್ಲೋ ಮಸೂರ ತುರುಕಿ, ಅದರ ಮೇಲೆ 4 ಮಿ.ಮೀ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಗಾಜು, ಸಿಕ್ಕಿಸಿದ್ದ. ಕನ್ನಡಿಯ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 700ನ್ನು 4ರಿಂದ ಭಾಗಿಸಿದರೆ 175, ಬಾರ್ಲೋ ಸೇರಿದರೆ 525. ಡಬ್ಬದವರು ಗಣಿತದಲ್ಲಿ ತಪ್ಪಿಲ್ಲ. ಆದರೆ ಕನ್ನಡಿಗೂ ಒಂದು ತಾಕತ್ತಿದೆ. ಅಗಲದ ಒಂದೊಂದು ಮಿಲಿಮೀಟರಿಗೆ ಹೆಚ್ಚೆಂದರೆ 2 ಪಟ್ಟು ಎಂಬುದು ಆಕಾಶ ನೋಡುವವರ ರೂಢಿಯ ಲೆಕ್ಕ. ಈ ಕೊಳವೆಗೆ 152. ಅದರಾಚೆ ಹೋಗುವುದೆಂದರೆ ಒಂದು ಚೊಂಬು ಮಜ್ಜಿಗೆಗೆ ಕೊಡ ನೀರು ಹೊಯ್ದ ಹಾಗೆ. 28 ಪಟ್ಟಿನಲ್ಲಿ ಕಾಣುವ ಚಂದ್ರನ ನೆಲ 525 ಪಟ್ಟಿನಲ್ಲಿ ಸುಮಾರು 350 ಪಾಲು ಮಂಕಾಗುತ್ತದೆ.

ಮಂಕಾದರೂ ಸಹಿಸಬಹುದು, ಸಿಗಬೇಕಲ್ಲ? ಅಷ್ಟು ವರ್ಧನೆಯಲ್ಲಿ ಕಾಣುವ ಆಕಾಶದ ತುಣುಕು ಚಂದ್ರನ ಅಗಲದ ಆರರಲ್ಲಿ ಒಂದು ಭಾಗವೂ ಇಲ್ಲ. ಭೂಮಿ ತಿರುಗುತ್ತಲೇ ಇರುವುದರಿಂದ ಒಂದು ನಕ್ಷತ್ರ ಆ ತುಣುಕನ್ನು 20 ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಅದರ ಮೇಲೆ ನಮ್ಮ ಚಿತ್ರದುರ್ಗದ ಗಾಳಿ. ಊರ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ತೆಳ್ಳನೆಯ ಮೂರುಕಾಲು ನಡುಗಿದರೆ ಆ ನಡುಕವೂ 525 ಪಟ್ಟು. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಬಿಸಿ ಬಿಡುತ್ತವೆ, ಕೋಟೆ ಗುಡ್ಡದ ನೆತ್ತಿಗೆ ಅಂಟಿಕೊಂಡ ಗ್ರಹ ಕುದಿಯುವ ಎಸರಿನ ತಳದ ಕಾಳಿನಂತೆ ಕುಣಿಯುತ್ತದೆ. ಗ್ರಹ ಮೇಲೇರುವವರೆಗೆ ಕಾಯುವುದೇ ವಾಸಿ.

ಬಾರ್ಲೋ ಕಿತ್ತು ಡಬ್ಬಕ್ಕೆ ಹಾಕಿಸಿದೆ. ನನ್ನ 25 ಮಿ.ಮೀ. ಪ್ಲಾಸಲ್ ಐಪೀಸ್ ಕೊಟ್ಟೆ: ಬರೀ 28 ಪಟ್ಟು. ಹುಡುಗನ ಮುಖ ಸಣ್ಣಗಾಯಿತು. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ, ಅದೂ ಪೂರ್ಣಚಂದ್ರ ಒಮ್ಮೆಗೇ ಹಿಡಿಸದಷ್ಟು ಇಕ್ಕಟ್ಟಿನಲ್ಲಿ ಎಂದೆ. ಈ 25 ಮಿ.ಮೀ. ಐಪೀಸಿನಲ್ಲಿ ಮೂರು ಚಂದ್ರರನ್ನು ಸಾಲಾಗಿ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ.

ವಿಯೆನ್ನಾದ ಪ್ಲಾಸಲ್ 1860ರಲ್ಲಿ ರೂಪಿಸಿದ ಜೋಡಣೆ ಇದು. ಎರಡೆರಡು ಗಾಜು ಅಂಟಿಸಿದ ಎರಡು ಜೋಡಿ. ಅಗ್ಗದ ಡಬ್ಬಗಳಲ್ಲಿ ಬರುವ ಎರಡೇ ಗಾಜಿನ ಐಪೀಸಿಗಿಂತ ಅಂಚಿನವರೆಗೆ ಚೊಕ್ಕ. ಆದರೆ ಪ್ಲಾಸಲ್‌ನ ಸಂಗಮದೂರ ಕಿರಿದಾದಷ್ಟೂ ಕಣ್ಣನ್ನು ಗಾಜಿಗೆ ಹತ್ತಿರ ಒಯ್ಯಬೇಕು. ಕೋಟೆಯ ಬತ್ತೇರಿಯ ಕಿಂಡಿಯಿಂದ ಎರಡು ಹೆಜ್ಜೆ ಹಿಂದೆ ನಿಂತರೆ ಚೂರು ಆಕಾಶ, ಕಣ್ಣು ತಾಗಿಸಿದರೆ ಇಡೀ ಬಯಲು. 4 ಮಿ.ಮೀ.ನಲ್ಲಿ ರೆಪ್ಪೆ ಗಾಜಿಗೆ ಉಜ್ಜುತ್ತದೆ. ಕನ್ನಡಕದವರು ತೆಗೆದಿಟ್ಟು ನೋಡಬಹುದು, ಫೋಕಸ್ ತಿರುಗಿಸಿದರೆ ಸರಿಹೋಗುತ್ತದೆ. ಚೀಟಿಯಲ್ಲಿ ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂ) ಇದ್ದರೆ ಮಾತ್ರ ಅದು ಫೋಕಸಿನಿಂದ ಸರಿಹೋಗದು. ನನ್ನನ್ನು ಕೇಳಿದರೆ ಎರಡೇ ಸಾಕು: 25 ಮತ್ತು 10 ಮಿ.ಮೀ. 10ರಲ್ಲಿ 70 ಪಟ್ಟು ಬರುತ್ತದೆ, ಶನಿಯ ಬಳೆಗೆ ಧಾರಾಳ. ಕೊಳ್ಳುವ ಮುಂಚೆ ಐಪೀಸ್ ಕೂರುವ ಬಾಯಿಯನ್ನು ಅಳೆಯಿರಿ. ಸಾಮಾನ್ಯವಾಗಿ ಒಂದೂಕಾಲು ಇಂಚು. ಹಳೆಯ ಕೊಳವೆಗಳಲ್ಲಿ ಇಂಚಿಗೂ ಕಡಿಮೆ, 24.5 ಮಿ.ಮೀ.

ಇನ್ನು ಫೈಂಡರ್, ಅಂದರೆ ಕೊಳವೆಯನ್ನು ಗುರಿಗೆ ತಿರುಗಿಸಲು ನೆರವಾಗುವ ಪುಟ್ಟ ಸಾಧನ. ಹುಡುಗನ ಕೊಳವೆಯ ಬೆನ್ನಿಗೆ ಕೂತಿದ್ದದ್ದು 5×24, ಅಂದರೆ 5 ಪಟ್ಟು, 24 ಮಿ.ಮೀ. ಗಾಜು. ಒಳಗೆ ಇಣುಕಿದರೆ ಪ್ಲಾಸ್ಟಿಕ್ ಬಳೆಯೊಂದು ಅರ್ಧ ಬೆಳಕನ್ನೇ ತಡೆದಿತ್ತು. ಗಾಜಿನ ದೋಷ ಮುಚ್ಚಲು ಹೂಡುವ ಹಳೆಯ ಉಪಾಯ. ಬಿಂಬ ಬೇರೆ ತಲೆಕೆಳಗು. 6×30 ಫೈಂಡರ್ ಇದಕ್ಕಿಂತ ಎಷ್ಟೋ ಮೇಲು, ಬೀದಿದೀಪದ ಊರಿನಲ್ಲಿ ಬರಿಗಣ್ಣಿಗೆ ಕಾಣದ ನಕ್ಷತ್ರಗಳನ್ನೂ ತೋರಿಸುತ್ತದೆ. ಆದರೂ ಹೊಸಬರಿಗೆ ನನ್ನ ವೋಟು ಕೆಂಪು ಚುಕ್ಕಿಯ ಫೈಂಡರಿಗೆ. ಅದು ಏನನ್ನೂ ದೊಡ್ಡದು ಮಾಡುವುದಿಲ್ಲ, ತಿರುಗಿಸುವುದೂ ಇಲ್ಲ. ಆಕಾಶದ ಮೇಲೆ ಚುಕ್ಕಿ ಇಟ್ಟಂತೆ ಕಾಣುತ್ತದೆ, ಅಷ್ಟೆ. 25 ಮಿ.ಮೀ. ಐಪೀಸಿನ ಅಗಲಕ್ಕೆ ಅಷ್ಟು ಗುರಿ ಸಾಕು.

ಯಾವ ಫೈಂಡರಾದರೂ ಹಗಲಲ್ಲೇ ಕೊಳವೆಯೊಂದಿಗೆ ಹೊಂದಿಸಿಕೊಳ್ಳಬೇಕು. ಹುಡುಗ ದೂರದ ಗಾಳಿಯಂತ್ರದ ಮೂತಿಯನ್ನು ಐಪೀಸಿನ ನಡುವೆ ತಂದ, ತಿರುಪು ತಿರುಗಿಸಿ ಚುಕ್ಕಿಯನ್ನೂ ಅಲ್ಲಿಗೇ ಕೂರಿಸಿದ. ಮೂರು ರಾತ್ರಿ ತಪ್ಪಿದ್ದ ಕೆಲಸ ಹತ್ತು ನಿಮಿಷದ್ದು. ಸೂರ್ಯನತ್ತ ಮಾತ್ರ ಕೊಳವೆಯಾಗಲಿ ಗಾಜಿನ ಫೈಂಡರಾಗಲಿ ತಿರುಗಕೂಡದು. ಕಣ್ಣು ಹೋದರೆ ಹೋಯಿತು.

ಅಂದು ರಾತ್ರಿ ಚುಕ್ಕಿಯನ್ನು ಕೃತ್ತಿಕೆಯ ಮೇಲಿಟ್ಟ. ಐಪೀಸಿನ ತುಂಬ ನಕ್ಷತ್ರ. ಕೆಳಗಿಂದ ಅಜ್ಜಿಯನ್ನು ಕರೆತಂದ. “ಕೃತ್ತಿಕೆ ಮಳೆ ಅಲ್ವೇನೋ?” ಅಂದರು ಅಜ್ಜಿ. ಮಳೆಯೂ ಹೌದು: ಮೇ ತಿಂಗಳಲ್ಲಿ ಸೂರ್ಯ ಆ ನಕ್ಷತ್ರದಲ್ಲಿ ಇರುವಾಗ ಬೀಳುವ ಮಳೆ. ಆಗ ಹಗಲ ಬೆಳಕಿನಲ್ಲಿ ಮುಳುಗುವ ಗುಂಪು ಚಳಿಗಾಲದ ಸಂಜೆಗೆ ತಲೆಯ ಮೇಲೆ ಬರುತ್ತದೆ. ಅಜ್ಜಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ, ನಾನೇ ಎರಡು ಸಲ ಕೊಳವೆ ಸರಿಸಿಕೊಟ್ಟೆ.

ಏಪ್ರಿಲ್‌ಗೆ ಒಮೇಗಾ ಸೆಂಟಾರಿ ನೋಡುವುದೆಂದಾಗಿದೆ. ಚಂದ್ರನಷ್ಟು ಅಗಲದ ಈ ನಕ್ಷತ್ರಗಳ ಉಂಡೆ ಬರ್ಲಿನ್‌ನಲ್ಲಿ ಎಂದೂ ಉದಯಿಸುವುದಿಲ್ಲ. 14 ಡಿಗ್ರಿ ಅಕ್ಷಾಂಶದ ನಮಗೆ ದಕ್ಷಿಣದಲ್ಲಿ 28 ಡಿಗ್ರಿ ಎತ್ತರಕ್ಕೆ ಏರುತ್ತದೆ. ಆ ಕಡೆಗೆ ಬೀದಿದೀಪ ಅಡ್ಡ ಬರದ ಮಾಳಿಗೆ ಯಾರ ಮನೆಯದಿದೆ ಎಂದು ಇಬ್ಬರೂ ಹುಡುಕುತ್ತಿದ್ದೇವೆ.