ಹೋಟ್ಲು ಗಂಡನ ಹೆಸರಲ್ಲಿ, ದುಡಿದದ್ದು ಇಬ್ಬರೂ. ಡೈವೋರ್ಸ್ ಆದ್ರೆ ನನಗೆ ಪಾಲು ಉಂಟಾ?

ಪ್ರಶ್ನೆ: ಮಣಿಪಾಲದಲ್ಲಿ ನಮ್ದೊಂದು ಸಣ್ಣ ಹೋಟ್ಲು, 9 ವರ್ಷ ಆಯ್ತು. ಲೈಸೆನ್ಸು, ಜಿಎಸ್‌ಟಿ, ಬಾಡಿಗೆ ಅಗ್ರಿಮೆಂಟ್ ಎಲ್ಲ ಅವರ ಹೆಸರಲ್ಲೇ. ಶುರು ಮಾಡುವಾಗ ನನ್ನ ಚಿನ್ನ ಅಡವಿಟ್ಟದ್ದು, ಬೆಳಿಗ್ಗೆ ಅಡುಗೆಮನೆ, ಮಧ್ಯಾಹ್ನ ಕ್ಯಾಶಿಗೆ ಕೂರುದು ಎಲ್ಲ ನಾನೇ. ಈಗ ಡೈವೋರ್ಸ್ ಮಾತು ಬಂದಿದೆ. ಅರ್ಧ ಸಿಗ್ತದಾ?

ಉತ್ತರ: ಅಕ್ಕ, ಸುತ್ತಿ ಬಳಸಿ ಹೇಳುದಿಲ್ಲ. ಹೆಂಡತಿ ಅಂತ ಇದ್ದ ಮಾತ್ರಕ್ಕೆ ಅರ್ಧ ಬರುದಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇನ್ನೂ ಉಂಟು, ಅಲ್ಲಿ ಸಾಮಾನ್ಯವಾಗಿ ಮದುವೆ ಆದ ಮೇಲೆ ಗಂಡ ಹೆಂಡತಿ ಆಸ್ತಿ ಇಬ್ಬರದ್ದೂ ಅಂತ ಲೆಕ್ಕ, ಆದ್ರೆ ಕಾರವಾರ ದಾಟಿ ಈಚೆ ಬಂದ್ರೆ ಆ ಕಾನೂನು ಇಲ್ಲ, ಇಲ್ಲಿ ಕಾಗದ ಯಾರ ಹೆಸರಲ್ಲಿ ಉಂಟೋ ಆಸ್ತಿ ಅವರದ್ದು. ನಿಮ್ಮವರು ಒಬ್ಬರೇ ಪ್ರೊಪ್ರೈಟರ್ ಅಂತಾದ್ರೆ ಕಾನೂನಿನ ಕಣ್ಣಿಗೆ ಆ ಹೋಟ್ಲು ಬೇರೆ ಅಲ್ಲ, ಅವರು ಬೇರೆ ಅಲ್ಲ.

9 ವರ್ಷ ಬೆಳಿಗ್ಗೆ ಎದ್ದು ಹಿಟ್ಟು ಕಡೆದವರಿಗೆ ಇದು ಅನ್ಯಾಯ ಅಂತ ನನಗೂ ಅನಿಸ್ತದೆ. ಆದ್ರೆ ಕೈಬಿಡಬೇಡಿ, ದಾರಿ ಉಂಟು.

ಮೊದಲು ಚಿನ್ನ. ತವರಿಂದ ಬಂದ ಚಿನ್ನ ಸ್ತ್ರೀಧನ, ಅದು ಗಂಡನ ಕೈಗೆ ಹೋದ್ರೂ ನಿಮ್ದೇ ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಹಾಗಾಗಿ ಅಡವಿಟ್ಟ ರಶೀದಿ, ಆ ದುಡ್ಡು ಯಾವ ಅಕೌಂಟಿಗೆ ಹೋಯ್ತು ಅನ್ನುವ ಪಾಸ್‌ಬುಕ್ಕು, ಅಂಗಡಿ ಅಡ್ವಾನ್ಸ್ ಅದ್ರಿಂದ ಕಟ್ಟಿದ್ದಕ್ಕೆ ಏನಾದ್ರೂ ಗುರುತು, ಇವಿಷ್ಟು ಹುಡುಕಿ. ಗಂಡ ಹೆಂಡತಿ ನಡುವಿನ ಆಸ್ತಿ ತಕರಾರು ಕೂಡ 1984ರ ಕಾಯ್ದೆ ಪ್ರಕಾರ ಫ್ಯಾಮಿಲಿ ಕೋರ್ಟಲ್ಲೇ ಕೇಳ್ಬಹುದು.

ಇನ್ನು ಪಾರ್ಟ್ನರ್‌ಶಿಪ್ ಅಂತ ವಾದ ಮಾಡ್ಬಹುದಾ? ಮಾಡ್ಬಹುದು, ಕಷ್ಟ ಉಂಟು. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಬಾಯಿಮಾತಿನ ಪಾಲುದಾರಿಕೆಯೂ ಆಗ್ತದೆ, ಆದ್ರೆ ಅದು ಒಪ್ಪಂದದಿಂದ ಹುಟ್ಟಬೇಕು, ಸಂಬಂಧದಿಂದ ಅಲ್ಲ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದೊಳಗೇ ಇತ್ತಲ್ವಾ, ಹಾಗಾಗಿ ಆ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ, ಒಟ್ಟಿಗೆ ವ್ಯಾಪಾರ ಮಾಡುವ ಬರ್ಮಾದ ಬೌದ್ಧ ಗಂಡ ಹೆಂಡತಿ ಅಷ್ಟಕ್ಕೇ ಪಾರ್ಟ್ನರ್ ಆಗುದಿಲ್ಲ ಅಂತ ಬರೆದೇ ಇಟ್ಟಿದ್ದಾರೆ. ಹಾಗಾಗಿ ಲಾಭ ಹಂಚಿಕೊಳ್ತಿದ್ದದ್ದು, ನೀವೂ ತೀರ್ಮಾನ ತಗೊಳ್ತಿದ್ದದ್ದು, ಸಪ್ಲೈಯರ್‌ಗಳು ನಿಮ್ಮನ್ನೇ ಓನರ್ ಅಂತ ನೋಡ್ತಿದ್ದದ್ದು ತೋರಿಸ್ಬೇಕಾಗ್ತದೆ. ರಿಜಿಸ್ಟರ್ ಆಗದ ಫರ್ಮ್ ಆದ್ರೂ ವಿಸರ್ಜನೆ, ಅಂದ್ರೆ ಪಾಲುದಾರಿಕೆ ಮುಗಿಸುದು, ಮತ್ತು ಲೆಕ್ಕ ಕೇಳುವ ದಾವೆಗೆ ತಡೆ ಇಲ್ಲ, ಆದ್ರೆ ವಿಸರ್ಜನೆ ಆಗಿ 3 ವರ್ಷದೊಳಗೆ ಲೆಕ್ಕ ಕೇಳ್ಬೇಕು.

ಪಾಲು ಸಿಗದಿದ್ರೂ ಆ ಹೋಟ್ಲಿನ ಆದಾಯ ಲೆಕ್ಕಕ್ಕೆ ಬಂದೇ ಬರ್ತದೆ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಜೀವನಾಂಶ ನಿಗದಿ ಮಾಡುವಾಗ ಇಬ್ಬರ ಆದಾಯ, ಆಸ್ತಿ ಎರಡೂ ನೋಡ್ತಾರೆ. 2020ರ ನವೆಂಬರಲ್ಲಿ ರಜನೇಶ್ ವರ್ಸಸ್ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ಕೇಸಲ್ಲಿ ಎರಡೂ ಕಡೆಯವರು ಆಸ್ತಿ ಸಾಲ ಎಲ್ಲ ಅಫಿಡವಿಟ್‌ನಲ್ಲಿ ಬರೆದು ಕೊಡ್ಬೇಕು ಅಂತ ಆದೇಶ ಮಾಡಿದೆ. ಹೋಟ್ಲು ನಷ್ಟದಲ್ಲಿ ನಡೀತದೆ ಅಂತ ಅವರು ಬರೆದ್ರೆ, ಕ್ಯಾಶಿಗೆ ಕೂತವರು ನೀವು, ದಿನದ ಕಲೆಕ್ಷನ್ ಎಷ್ಟು, ಪರೀಕ್ಷೆ ಮುಗಿದು ಕಾಲೇಜು ಮಕ್ಕಳು ಊರಿಗೆ ಹೋದಾಗ ಎಷ್ಟು ಇಳೀತದೆ ನಿಮಗೆ ಗೊತ್ತು, ವಕೀಲರಿಗೆ ಅದನ್ನೆಲ್ಲ ಬರೆದು ಕೊಡಿ.

ಒಂದು ವಿಷಯ ತುಂಬ ಜನ ಮರೀತಾರೆ, ಹೋಟ್ಲಿನ ಸಾಲಕ್ಕೆ ನೀವು ಜಾಮೀನು ಹಾಕಿದ್ದೀರಾ ನೋಡಿ. ಡೈವೋರ್ಸ್ ಆದ್ರೂ ಆ ಸಹಿ ಹೋಗುದಿಲ್ಲ, ಅವರು ಕಂತು ತಪ್ಪಿಸಿದ್ರೆ ಬ್ಯಾಂಕಿನವರು ನಿಮ್ಮ ಮನೆಗೆ ಬರ್ತಾರೆ. ಓವರ್‌ಡ್ರಾಫ್ಟ್ (ಓಡಿ), ಅಂದ್ರೆ ಬೇಕಾದಾಗ ಮತ್ತೆ ಮತ್ತೆ ದುಡ್ಡು ಎತ್ತುವ ಸಾಲಕ್ಕೆ ಹಾಕಿದಂತ ಮುಂದುವರಿಯುವ ಜಾಮೀನಾದ್ರೆ, ಇನ್ನು ಮುಂದೆ ಎತ್ತುವ ದುಡ್ಡಿಗೆ ನಾನು ಹೊಣೆ ಅಲ್ಲ ಅಂತ ಬ್ಯಾಂಕಿಗೆ ನೋಟಿಸ್ ಕೊಡ್ಲಿಕ್ಕೆ ಕಾಂಟ್ರಾಕ್ಟ್ ಕಾಯ್ದೆಯ 130ನೇ ಸೆಕ್ಷನ್‌ನಲ್ಲಿ ಅವಕಾಶ ಉಂಟು, ನೀವು ಸಹಿ ಹಾಕಿದ ಪತ್ರದಲ್ಲಿ ಎಂತ ಬರೆದಿದೆ ಅಂತ ವಕೀಲರ ಹತ್ರ ಮೊದಲು ಓದಿಸಿ. ಹಳೇ ಬಾಕಿ ಹಾಗೇ ಇರ್ತದೆ. ಒಪ್ಪಿಗೆಯಿಂದ ಬೇರೆ ಆಗುದಾದ್ರೆ ಈ ಸಾಲ ಯಾರು ತೀರಿಸುದು, ಬ್ಯಾಂಕು ನಿಮ್ಮನ್ನು ಜಾಮೀನಿಂದ ಬಿಡುವ ಪತ್ರ ಯಾವಾಗ ತಂದು ಕೊಡುದು ಅಂತ ಒಪ್ಪಂದದಲ್ಲೇ ಬರೆಸಿ, ಆ ಪತ್ರ ಕೈಗೆ ಬರುವ ಮೊದಲು ಕೊನೆಯ ಸಹಿ ಹಾಕ್ಬೇಡಿ.