ಒಳಗೆ ಬದಲಾಗಿದೆ ಅಂತ ಹೇಳಬೇಕಾದವರು ಯಾರು?

ಕನ್ನಡ ಸತ್ಯವೇದ ಓದುವವರಿಗೆ ಮೂರು ಮಾತು ಚೆನ್ನಾಗಿ ಗೊತ್ತು. ಪಶ್ಚಾತ್ತಾಪ, ಮಾನಸಾಂತರ, ದೇವರ ಕಡೆಗೆ ತಿರುಗಿಕೊಳ್ಳುವುದು. ಪ್ರಸಂಗ ಕೇಳುವಾಗ ಮೂರೂ ಒಂದೇ ಅನ್ನಿಸುತ್ತದೆ. ಸ್ವಲ್ಪ ನಿಧಾನಿಸಿ ನೋಡಿದರೆ ಮೂರೂ ಬೇರೆ ಬೇರೆ. ಪಶ್ಚಾತ್ತಾಪ ಅಂದರೆ ಆದಮೇಲೆ ಸುಡುವ ಬೇಗೆ. ಮಾನಸಾಂತರ ಅಂದರೆ ಮನಸ್ಸೇ ಬೇರೆಯಾಗುವುದು. ತಿರುಗಿಕೊಳ್ಳುವುದು ಕಾಲಿನ ಕೆಲಸ, ನಡೆಯುತ್ತಿದ್ದ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುವುದು.

ಕ್ರೈಸ್ತ ಸಭೆಯ ಎರಡು ಸಾವಿರ ವರ್ಷಗಳ ಒಂದು ದೊಡ್ಡ ಜಗ್ಗಾಟ ಈ ಮೂರು ಮಾತುಗಳ ನಡುವೆಯೇ ನಡೆದಿದೆ. ವಿಶ್ವಾಸಿಯ ಒಳಗೆ ಏನೋ ಬದಲಾಗಬೇಕು ಅನ್ನುವುದನ್ನು ಯಾರೂ ಅಲ್ಲಗಳೆದಿಲ್ಲ. ಅದು ಹೇಗೆ ಆಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಆಗಿದೆ ಅಂತ ಯಾರು ಹೇಳಬೇಕು, ಜಗಳ ಇರುವುದು ಇಲ್ಲಿ. ಕೊನೆಯ ಪ್ರಶ್ನೆಯನ್ನು ನಾವು ಇವತ್ತು ಕೇಳುವುದೇ ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಅದೇ.

ಬೇರು ಯೇಸುವಿಗಿಂತ ಹಿಂದೆ ಇದೆ. ತಿರುಗಿಕೊಳ್ಳಿ ಅಂತ ಹೀಬ್ರೂ ಪ್ರವಾದಿಗಳು ಹೇಳುವಾಗ ಬಳಸಿದ ಪದ 'ಶೂವ್'. ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಳ್ಳಿ ಅಂತ ಯೋವೇಲ ಹೇಳಿದ. ಕಲ್ಲಾದ ಹೃದಯವನ್ನು ತೆಗೆದು ಮೃದುವಾದ ಹೃದಯ ಕೊಡುತ್ತೇನೆ ಅನ್ನುವ ದೇವರ ಮಾತು ಯೆಹೆಜ್ಕೇಲನ 36ನೇ ಅಧ್ಯಾಯದಲ್ಲಿದೆ. ಈ ಮಾತನ್ನು ನಾವು ಒಬ್ಬೊಬ್ಬರೇ ನಮಗೆ ಹೇಳಿದ್ದು ಅಂತ ಓದಿಕೊಳ್ಳುತ್ತೇವೆ. ಅಲ್ಲಿ ಅದನ್ನು ಹೇಳಿದ್ದು ಸೆರೆಹೋಗಿ ಚದುರಿದ್ದ ಇಡೀ ಒಂದು ಜನಾಂಗಕ್ಕೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಆ ಪದ 'ಮೆಟನೋಯಾ' ಆಯಿತು. ಅದರ ನೇರ ಅರ್ಥ ಮಾನಸಾಂತರವೇ. ಪೌಲ ಇನ್ನೊಂದು ಪದ ಸೇರಿಸಿದ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ, ಮನಸ್ಸು ಹೊಸದಾಗಿ ರೂಪಾಂತರಗೊಳ್ಳುತ್ತಾ ಇರಿ ಅನ್ನುತ್ತಾನೆ. ಬೆಟ್ಟದ ಮೇಲೆ ಯೇಸುವಿನ ರೂಪ ಬೆಳಗಿದ್ದನ್ನು ಹೇಳಲು ಮತ್ತಾಯ ಮತ್ತು ಮಾರ್ಕ ಬಳಸಿದ್ದೂ ಇದೇ ಪದ. ಇಲ್ಲಿ ಕನ್ನಡಿಗರಿಗೆ ಒಂದು ಸಣ್ಣ ತೊಡಕಿದೆ. ನಮ್ಮಲ್ಲಿ 'ಇರಿ' ಅಂದರೆ ಒಬ್ಬರಿಗೆ ಮರ್ಯಾದೆ ಕೊಟ್ಟು ಹೇಳಿದ್ದೂ ಆಗಬಹುದು, ಹತ್ತು ಜನರಿಗೆ ಹೇಳಿದ್ದೂ ಆಗಬಹುದು. ಗ್ರೀಕಿನಲ್ಲಿ ಆ ಗೊಂದಲ ಇಲ್ಲ, ಅದು ಸ್ಪಷ್ಟವಾಗಿ ಬಹುವಚನ. ಜೊತೆಗೆ ಮುಗಿದ ಕೆಲಸವೂ ಅಲ್ಲ, ನಡೆಯುತ್ತಲೇ ಇರುವ ಕೆಲಸ. ಅಷ್ಟೇ ಅಲ್ಲ, ನೀವೇ ಮಾಡಿಕೊಳ್ಳಿ ಅಂತಲೂ ಪೌಲ ಹೇಳುತ್ತಿಲ್ಲ, ನಿಮ್ಮ ಮೇಲೆ ಆಗಲು ಬಿಡಿ ಅನ್ನುತ್ತಿದ್ದಾನೆ. ಆ ಅಧ್ಯಾಯ ಮುಂದೆ ಓದಿ. ಒಂದೇ ದೇಹದ ಬೇರೆ ಬೇರೆ ಅಂಗಗಳ ಮಾತು, ಅಳುವವರ ಜೊತೆ ಅಳುವ ಮಾತು, ಅತಿಥಿಗಳಿಗೆ ಜಾಗ ಕೊಡುವ ಮಾತು. ಮನಸ್ಸು ಬದಲಾದದ್ದು ಕಾಣುವುದು ಅಲ್ಲಿ.

ಮೊದಲ ಶತಮಾನಗಳ ಸಭೆ ಇದನ್ನು ತುಂಬಾ ಗಟ್ಟಿಯಾಗಿ ಹಿಡಿದುಕೊಂಡಿತ್ತು. ರೋಮಿನ ಹಿಪ್ಪೊಲಿಟಸ್ ಬರೆದದ್ದೆಂದು ಹೇಳುವ 'ಅಪೊಸ್ತಲರ ಸಂಪ್ರದಾಯ' ಎಂಬ ಹಳೆಯ ಕೈಪಿಡಿಯ ಪ್ರಕಾರ, ದೀಕ್ಷಾಸ್ನಾನಕ್ಕೆ ಬರುವವರು 3 ವರ್ಷ ವಾಕ್ಯ ಕೇಳಬೇಕು. ಆದರೆ ನೋಡಬೇಕಾದದ್ದು ವರ್ಷಗಳ ಲೆಕ್ಕವನ್ನಲ್ಲ, ನಡತೆಯನ್ನು ಅಂತ ಅದೇ ಹೇಳುತ್ತದೆ. ಕೊನೆಗೆ ಕೇಳುವ ಪ್ರಶ್ನೆಗಳನ್ನು ನೋಡಿ. ಇವರು ವಿಧವೆಯರನ್ನು ಗೌರವಿಸಿದ್ದಾರಾ? ರೋಗಿಗಳನ್ನು ಹೋಗಿ ನೋಡಿದ್ದಾರಾ? ಒಳ್ಳೆಯ ಕೆಲಸ ಮಾಡಿದ್ದಾರಾ? ಇದಕ್ಕೆ ಉತ್ತರ ಕೊಡಬೇಕಾದವರು ಅವರನ್ನು ಕರೆತಂದವರು. ನಿನಗೆ ಒಳಗೆ ಏನನ್ನಿಸಿತು ಅನ್ನುವುದು ಅಲ್ಲಿ ಸಾಕಾಗುತ್ತಿರಲಿಲ್ಲ. ನಿನ್ನನ್ನು ಬಲ್ಲ ಇನ್ನೊಬ್ಬರು ಎದ್ದು ನಿಂತು ಸಾಕ್ಷಿ ಹೇಳಬೇಕಿತ್ತು.

313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ. 380ರ ಹೊತ್ತಿಗೆ ಕ್ರೈಸ್ತ ಧರ್ಮ ಸಾಮ್ರಾಜ್ಯದ ಧರ್ಮವೇ ಆಯಿತು. ಹಿಂಸೆ ನಿಂತದ್ದು ದೊಡ್ಡ ಬಿಡುಗಡೆ, ಅನುಮಾನವಿಲ್ಲ. ಆದರೆ ಸಭೆಗೆ ಸೇರುವುದು ಸುಲಭವಾದಾಗ, ಬದಲಾಗದೆ ಸೇರುವುದೂ ಸುಲಭವಾಯಿತು. ಆಗ ಸಾವಿರಾರು ಜನ ಮರಳುಗಾಡಿಗೆ ಹೊರಟರು. ದಾರಿ ತೋರಿದವನು ಈಜಿಪ್ಟಿನ ಆಂಟನಿ. ಇದ್ದದ್ದನ್ನೆಲ್ಲಾ ಮಾರಿ ಬಡವರಿಗೆ ಕೊಡು ಅನ್ನುವ ಸುವಾರ್ತೆಯ ಮಾತು ಕೇಳಿ, ಸುಮಾರು 270ರಲ್ಲೇ ಮನೆ ಬಿಟ್ಟಿದ್ದ. ಒಂಟಿ ಗುಹೆ, ಉಪವಾಸ, ಮನಸ್ಸಿನೊಳಗಿನ ಕೆಟ್ಟ ಆಲೋಚನೆಗಳ ಜೊತೆ ಹೋರಾಟ. ಕೋಪ, ಜಂಬ, ಬೇಸರ ಹೇಗೆ ಒಳಗೆ ನುಸುಳುತ್ತವೆ ಅನ್ನುವುದನ್ನು ಈ ಜನ ನೋಡಿದಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಆದರೂ ಮಹಾ ಬೆಸಿಲ್ ಎಂಬ ಬಿಷಪ್ ಅದೇ 4ನೇ ಶತಮಾನದಲ್ಲಿ ಒಂದು ಪ್ರಶ್ನೆ ಎತ್ತಿದ. ಯೇಸು ಶಿಷ್ಯರ ಕಾಲು ತೊಳೆದ, ನೀನು ಒಬ್ಬನೇ ಇದ್ದರೆ ಯಾರ ಕಾಲು ತೊಳೆಯುತ್ತೀಯ? ಎಲ್ಲರಿಗಿಂತ ಕೊನೆಯವನಾಗು ಅಂತಲೂ ಯೇಸು ಅಂದ, ಜೊತೆಗೆ ಯಾರೂ ಇಲ್ಲದಿದ್ದರೆ ಯಾರಿಗಿಂತ ಕೊನೆ? ಈ ಪ್ರಶ್ನೆಗೆ ಒಂಟಿ ಗುಹೆಯಲ್ಲಿ ಉತ್ತರ ಇಲ್ಲ. ಪಕೋಮಿಯಸ್ ಈಜಿಪ್ಟಿನಲ್ಲಿ ಆಗಲೇ ಕೂಡಿ ಬಾಳುವ ಮಠಗಳನ್ನು ಕಟ್ಟಿದ್ದ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ಬರೆದ 73 ಅಧ್ಯಾಯಗಳ ನಿಯಮ ಅದೇ ದಾರಿಯನ್ನು ಇಡೀ ಪಶ್ಚಿಮ ಯುರೋಪಿಗೆ ಕೊಟ್ಟಿತು.

ಈ ನಡುವೆ ಬರುವ ಅಗಸ್ಟಿನನ ಕಥೆ ಎಲ್ಲರಿಗೂ ಗೊತ್ತಿರುವುದೇ. 386, ಇಟಲಿಯ ಮಿಲಾನಿನ ತೋಟ, 'ತೆಗೆದುಕೊಂಡು ಓದು' ಅನ್ನುವ ಮಗುವಿನಂಥ ದನಿ. ರೋಮಾಪುರದವರ ಪತ್ರದ ಒಂದು ವಾಕ್ಯ ಓದಿದ, ಮನಸ್ಸು ತಿರುಗಿತು. ಒಂದೇ ಕ್ಷಣದ, ಒಬ್ಬನೇ ಮನುಷ್ಯನ ಬದಲಾವಣೆಗೆ ಇದನ್ನೇ ಉದಾಹರಣೆ ಕೊಡುತ್ತಾರೆ. ಆದರೆ ಅವನೇ ಬರೆದದ್ದನ್ನು ಪೂರ್ತಿ ಓದಿದರೆ, ಗೆಳೆಯ ಅಲೀಪಿಯಸ್ ಅದೇ ತೋಟದಲ್ಲಿದ್ದ. ಪುಸ್ತಕ ಈಸಿಕೊಂಡು ಮುಂದಿನ ಸಾಲು ಓದಿದ. ನಂಬಿಕೆಯಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಿ ಅಂತ ಇತ್ತು. ಇದು ನನಗೇ ಅಂದ. ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ಅಗಸ್ಟಿನನ ತಾಯಿಗೆ ವಿಷಯ ಹೇಳಿದರು. ಹತ್ತು ವರ್ಷಕ್ಕೂ ಜಾಸ್ತಿ ಕಳೆದಮೇಲೆ, ಬಿಷಪನಾಗಿದ್ದುಕೊಂಡು ಅಗಸ್ಟಿನ್ ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಒಪ್ಪಿಕೊಂಡ: ಹೊಗಳಿಕೆಯ ಆಸೆ, ತಿನ್ನುವ ಆಸೆ, ಕನಸಿನಲ್ಲಿ ಬರುವ ಹಳೆಯ ಚಿತ್ರಗಳು, ಇವು ಇನ್ನೂ ಬಿಟ್ಟಿಲ್ಲ.

ಮಧ್ಯಯುಗಕ್ಕೆ ಬೇಗ ಬರೋಣ. ಲ್ಯಾಟಿನ್ ಬೈಬಲಿನಲ್ಲಿ ಮೆಟನೋಯಾ ಪದಕ್ಕೆ ಬಂದ ಮಾತು 'ಪೆನಿಟೆನ್ಷಿಯಾ'. 'ಪೆನಿಟೆನ್ಷಿಯಾ ಮಾಡಿರಿ' ಅಂದಾಗ ಜನರ ಕಿವಿಗೆ ಬಿದ್ದದ್ದು ಪ್ರಾಯಶ್ಚಿತ್ತ ಮಾಡಿರಿ ಅಂತ. ವರ್ಷಕ್ಕೆ ಒಂದು ಸಾರಿಯಾದರೂ ಪಾಪನಿವೇದನೆ ಮಾಡಲೇಬೇಕು ಅಂತ 1215ರಲ್ಲಿ 4ನೇ ಲ್ಯಾಟರನ್ ಮಹಾಸಭೆ ನಿಯಮ ಮಾಡಿತು. ಅದರಿಂದ ಒಳ್ಳೆಯದೂ ಆಯಿತು, ಕೋಟ್ಯಂತರ ಸಾಮಾನ್ಯ ಜನ ತಮ್ಮ ಒಳಗನ್ನು ನೋಡಿಕೊಳ್ಳಲು ಕಲಿತರು. ಆದರೆ ಲೆಕ್ಕ ತೀರಿಸುವ ಮನಸ್ಸೂ ಬೆಳೆಯಿತು. 1516ರಲ್ಲಿ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಈ ಅನುವಾದದ ತೊಡಕು ವಿದ್ವಾಂಸರ ಕಣ್ಣಿಗೆ ಎದ್ದು ಕಂಡಿತು. ಮರುವರ್ಷ ಜರ್ಮನಿಯ ಸುಧಾರಕ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ ಈ ಪದದ ಬಗ್ಗೆ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಅಂತ ಕರ್ತನು ಬಯಸಿದ ಅನ್ನುವುದು ಅದರ ಸಾರ. ಯುರೋಪನ್ನೇ ಅಲ್ಲಾಡಿಸಿದ ಜಗಳ ಒಂದು ಪದದ ಅರ್ಥದಿಂದ ಶುರುವಾಗುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಕ್ಯಾಥೊಲಿಕ್ ಧರ್ಮಸಭೆಯೂ ಆಗ ಸುಮ್ನೆ ಕೂತಿರಲಿಲ್ಲ. ಅವಿಲಾದ ತೆರೇಸಾ 1577ರಲ್ಲಿ ಆತ್ಮವನ್ನು ಏಳು ನಿವಾಸಗಳ ಕೋಟೆ ಅಂತ ಬಣ್ಣಿಸಿ ಬರೆದರು. ಅಷ್ಟು ಒಳಕ್ಕೆ ಹೋದ ಆ ಸನ್ಯಾಸಿನಿ ಹೇಳುವ ಪರೀಕ್ಷೆ ಮಾತ್ರ ತೀರಾ ಸರಳ. ದೇವರನ್ನು ಪ್ರೀತಿಸುತ್ತೇವೋ ಇಲ್ಲವೋ ಖಚಿತವಾಗಿ ಗೊತ್ತಾಗುವುದಿಲ್ಲ, ನೆರೆಯವರನ್ನು ಪ್ರೀತಿಸುತ್ತೇವೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಲೂಥರನಂಥ ಸುಧಾರಕರ ದಾರಿ ಹಿಡಿದ ಪ್ರಾಟೆಸ್ಟಂಟರಲ್ಲಿ 17ನೇ ಶತಮಾನದ ಹೊತ್ತಿಗೆ ಬೇರೆ ಕಾಯಿಲೆ ಹಿಡಿದಿತ್ತು. ಬೋಧನೆ ಸರಿಯಾಗಿದ್ದರೆ ಸಾಕು ಅನ್ನುವ ಕಾಯಿಲೆ. ಫ್ರಾಂಕ್‌ಫರ್ಟಿನ ಪಾಸ್ಟರ್ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತನ್ನ ಮನೆಯಲ್ಲೇ ಸಣ್ಣ ಕೂಟಗಳನ್ನು ಶುರುಮಾಡಿದ. ಜನ ವಾಕ್ಯ ಓದುತ್ತಿದ್ದರು, ಒಬ್ಬರಿಗೊಬ್ಬರು ತಮ್ಮ ಬದುಕಿನ ಬಗ್ಗೆ ಮಾತಾಡುತ್ತಿದ್ದರು. ಪಯಟಿಸಂ ಅನ್ನುವ ಚಳವಳಿ ಬೆಳೆದದ್ದು ಇಂಥ ಕೂಟಗಳಿಂದ.

ಅಲ್ಲಿಂದ ಒಂದು ಎಳೆ ಇಂಗ್ಲೆಂಡಿನ ಪಾದ್ರಿ, ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿಗೆ ಬರುತ್ತದೆ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡ. ಈ ಸಾಲು ಲೋಕಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಘಟನೆ ನನಗೆ ಜಾಸ್ತಿ ಮುಖ್ಯ. 1742ರಲ್ಲಿ ಬ್ರಿಸ್ಟಲಿನ ಆರಾಧನಾ ಕಟ್ಟಡದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಯಾರೋ ಹೇಳಿದರು. ಕೊಡಲಾಗದ ಬಡವರ ಕಥೆ ಏನು? ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಂದಾಳು, ಅವನು ಮನೆಮನೆಗೆ ಹೋಗಿ ಹಣ ತರಲಿ, ಕೊರತೆ ಬಿದ್ದರೆ ತಾನೇ ತುಂಬಲಿ ಅಂತ ತೀರ್ಮಾನವಾಯಿತು. ಹಾಗೆ ಮನೆಮನೆಗೆ ಹೋದವರಿಗೆ ಗೊತ್ತಾದದ್ದೇ ಬೇರೆ. ಒಂದು ಮನೆಯಲ್ಲಿ ಕುಡಿತ, ಇನ್ನೊಂದು ಮನೆಯಲ್ಲಿ ಹೊಡೆದಾಟ. ವೆಸ್ಲಿಗೆ ಹೊಳೆಯಿತು, ಇಷ್ಟು ದಿನ ಹುಡುಕುತ್ತಿದ್ದದ್ದು ಇದೇ. ಸಾಲ ವಸೂಲಿಯ ಏರ್ಪಾಡು ವಾರದ ಕೂಟವಾಯಿತು. ನಿನ್ನ ಆತ್ಮ ಹೇಗಿದೆ ಅಂತ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳುವ ಕೂಟ. ಮುಂದಿನ ನೂರು ವರ್ಷ ಮೆಥೊಡಿಸ್ಟ್ ಸಭೆಯ ಬೆನ್ನೆಲುಬು ಅದೇ ಆಗಿತ್ತು.

ಅದೇ ಕಾಲದ ಅಮೆರಿಕದಲ್ಲಿ, ಭಕ್ತಿಯನ್ನು ಮತ್ತೆ ಎಬ್ಬಿಸುವ ಉಜ್ಜೀವನ ಕೂಟಗಳಲ್ಲಿ ಜನ ಬಿದ್ದು ಅಳುತ್ತಿದ್ದರು, ಕೂಗುತ್ತಿದ್ದರು. ಅಲ್ಲಿನ ಪಾಸ್ಟರ್ ಜಾನಥನ್ ಎಡ್ವರ್ಡ್ಸ್ 1746ರಲ್ಲಿ ಇದನ್ನೆಲ್ಲಾ ಪರಿಶೀಲಿಸಿ ದೊಡ್ಡ ಪುಸ್ತಕವನ್ನೇ ಬರೆದ. ಕಣ್ಣೀರು ನಿಜವೂ ಇರಬಹುದು, ಸುಳ್ಳೂ ಇರಬಹುದು, ಎಲ್ಲಕ್ಕಿಂತ ನಂಬಬಹುದಾದ ಗುರುತು ನಡತೆ ಅಂದ. ಎಷ್ಟು ಸರಿಯಾದ ಮಾತು! ಆದರೆ ಇದನ್ನು ಬರೆದ ಮನೆಯಲ್ಲೇ ಗುಲಾಮರಿದ್ದರು. ನನಗೆ ಇದನ್ನು ದಾಟಿ ಮುಂದೆ ಹೋಗಲು ಕಷ್ಟವಾಗುತ್ತದೆ. ಆ ಗುಲಾಮರನ್ನು ಸಾಕ್ಷಿ ಕೇಳಿದ್ದರೆ ಏನು ಹೇಳುತ್ತಿದ್ದರು? ಕೇಳುವ ವೃತ್ತದಲ್ಲಿ ಯಾರು ಇದ್ದಾರೆ ಅನ್ನುವುದರ ಮೇಲೆ ಉತ್ತರವೂ ನಿಲ್ಲುತ್ತದೆ, ಅಲ್ವಾ?

ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ ಕಥೆಯೂ ಹೀಗೆಯೇ. 1748ರ ಬಿರುಗಾಳಿಯಲ್ಲಿ ಹಡಗು ಮುಳುಗುವ ಹೊತ್ತಿನಲ್ಲಿ ದೇವರನ್ನು ಕೂಗಿದ. ಆಮೇಲೆ ಗುಲಾಮರ ಹಡಗಿಗೇ ಕಪ್ತಾನನಾದ. ಪ್ರಾರ್ಥನೆ ಮಾಡುತ್ತಲೇ, ಕೆಳಗಡೆ ಸರಪಳಿ ಹಾಕಿದ ಜನರನ್ನು ಸಾಗಿಸಿದ. 1754ರಲ್ಲಿ ಸಮುದ್ರ ಬಿಟ್ಟದ್ದು ಕೂಡ ಕಾಯಿಲೆ ಬಿದ್ದದ್ದರಿಂದ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಕ್ಕೆ. ನನ್ನ ಈ ಒಪ್ಪಿಗೆ ತಡವಾಗಿ ಬಂತು ಅಂತ ಅವನೇ ಬರೆದ.

19ನೇ ಶತಮಾನದಲ್ಲಿ ಅಮೆರಿಕದ ಪ್ರಸಂಗಿ ಚಾರ್ಲ್ಸ್ ಫಿನ್ನಿಯಂಥವರು ಮುಂದಿನ ಸಾಲಿನಲ್ಲಿ ಒಂದು ಬೆಂಚು ಹಾಕಿದರು. ಮನಸ್ಸು ಕಲಕಿದವರು ಎದ್ದು ಬಂದು ಅಲ್ಲಿ ಕೂರಬೇಕು. ಇವತ್ತು ಎಷ್ಟೋ ಕೂಟಗಳಲ್ಲಿ ಕೈ ಎತ್ತಿ, ಮುಂದೆ ಬನ್ನಿ ಅನ್ನುತ್ತಾರಲ್ಲ, ಅದರ ಒಂದು ಬೇರು ಅಲ್ಲಿದೆ. ಫಿನ್ನಿ ಸ್ವತಃ ಗುಲಾಮಗಿರಿಯ ವಿರುದ್ಧ ಗಟ್ಟಿಯಾಗಿ ನಿಂತವನು, ಬದಲಾವಣೆ ಬೆಂಚಿನಲ್ಲೇ ಮುಗಿಯಲಿ ಅಂತ ಅವನು ಬಯಸಲಿಲ್ಲ. ಆದರೆ ಕಾಲ ಕಳೆದಂತೆ ಆ ಕ್ಷಣವೇ ಎಲ್ಲ ಆಯಿತು. ವೆಸ್ಲಿಯ ವಾರದ ಕೂಟಗಳೂ ಅದೇ ಶತಮಾನದಲ್ಲಿ ಸೊರಗಿದವು.

ಕೂಟ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತಲೂ ಹೇಳುವಂತಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ 'ಶೆಫರ್ಡಿಂಗ್', ಅಂದರೆ ಕುರಿ ಕಾಯುವುದು, ಅನ್ನುವ ಚಳವಳಿ ಬಂತು. ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬ ಕುರುಬನ ಕೈಕೆಳಗೆ ಇರಬೇಕು. ಕೆಲಸ, ಮನೆ, ಮದುವೆ, ಎಲ್ಲಕ್ಕೂ ಅವನನ್ನು ಕೇಳಬೇಕು. ಎಷ್ಟೋ ಜನ ನೊಂದು ಹೊರಬಂದರು. ಮುಂದೆ ಅದರ ನಾಯಕರಲ್ಲಿ ಒಬ್ಬರು ಬಹಿರಂಗವಾಗಿ ಕ್ಷಮೆ ಕೇಳಿದರು. ಕಾಲು ತೊಳೆಯುವುದಕ್ಕೆ ಬಗ್ಗುವವನೂ ಕಾಲು ಹಿಡಿಸಿಕೊಳ್ಳುವವನೂ ಒಂದೇ ಕೂಟದಲ್ಲಿ ಇರಬಹುದು. ಕೇಳುವವನನ್ನೂ ಯಾರಾದರೂ ಕೇಳುವಂತಿರಬೇಕು.

ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸುವುದು ಜರ್ಮನಿಯ ಪಾಸ್ಟರ್ ಬೊನ್ಹೋಫರ್ ಇಟ್ಟ ಒಂದು ಸಣ್ಣ ನಿಯಮ. 1935ರಿಂದ 1937ರಲ್ಲಿ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಬಾಗಿಲು ಹಾಕಿಸುವವರೆಗೆ, ಫಿಂಕನ್‌ವಾಲ್ಡೆ ಎಂಬ ಊರಿನಲ್ಲಿ ಅವರು ಪಾಸ್ಟರಾಗಲಿರುವ ಯುವಕರಿಗೆ ಪಾಠ ಹೇಳುತ್ತಿದ್ದರು. ಎದುರಿಗಿಲ್ಲದ ಸಹೋದರನ ಬಗ್ಗೆ ಯಾರೂ ಮಾತಾಡಬಾರದು, ಮಾತಾಡಿದರೆ ಹೋಗಿ ಅವನಿಗೇ ಹೇಳಬೇಕು. ಇಷ್ಟೇ ನಿಯಮ. ಪ್ರಸಂಗಗಳಿಂದ ಕಲಿತಷ್ಟನ್ನೇ ಈ ನಿಯಮವನ್ನು ಮುರಿದು ಮತ್ತೆ ಪ್ರಯತ್ನಿಸುವುದರಿಂದಲೂ ಕಲಿತೆವು ಅಂತ ಅಲ್ಲಿದ್ದ ವಿದ್ಯಾರ್ಥಿಯೊಬ್ಬರು ಮುಂದೆ ಬರೆದರು.

ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಕ್ಯಾಥೊಲಿಕ್ ಧರ್ಮಸಭೆ, ದೀಕ್ಷಾಸ್ನಾನಕ್ಕೆ ಮುಂಚಿನ ತಯಾರಿಯ ಆ ಮೊದಲ ಶತಮಾನಗಳ ಪದ್ಧತಿಯನ್ನು ಮತ್ತೆ ತರಲು ತೀರ್ಮಾನಿಸಿತು. 1972ರಲ್ಲಿ ಅದರ ವಿಧಿ ಹೊರಬಂತು. ದೊಡ್ಡವರಾದಮೇಲೆ ದೀಕ್ಷಾಸ್ನಾನಕ್ಕೆ ಬರುವವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಸಭೆಯ ಜೊತೆ ನಡೆಯುತ್ತಾರೆ. ಕೊನೆಯ ಹಂತಕ್ಕೆ ಅವರನ್ನು ಆರಿಸುವ ದಿನ ಎಲ್ಲರೂ ಸೇರಿರುತ್ತಾರೆ. ಇವರು ದೇವರ ವಾಕ್ಯವನ್ನು ಮನಸ್ಸಿಟ್ಟು ಕೇಳಿದ್ದಾರಾ? ಅದರಂತೆ ನಡೆಯಲು ಶುರುಮಾಡಿದ್ದಾರಾ? ಸಹೋದರ ಸಹೋದರಿಯರ ಜೊತೆ ಬೆರೆತು ಪ್ರಾರ್ಥಿಸಿದ್ದಾರಾ? ಪ್ರಶ್ನೆ ಕೇಳುವಾಗ ಬರುವವರು ಸುಮ್ಮನೆ ನಿಂತಿರುತ್ತಾರೆ. ಹೌದು ಅಂತ ಹೇಳುವುದು ಅವರ ಪಕ್ಕದಲ್ಲಿ ನಿಂತವರು.